‘ಲಾಕ್’ ಎಂಬುದಕ್ಕೆ ಬೀಗವೋ, ಅಗುಳಿಯೋ?

ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಆಪರೇಟಿಂಗ್ ಸಿಸ್ಟಂ ಪಾಠಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಿಸ್ಕಿನ ಬ್ಲಾಕುಗಳನ್ನು ಮೆಮೊರಿಗೆ ತಂದಿಟ್ಟುಕೊಳ್ಳುವ ಕ್ಯಾಶ್‌ನ ಅಧ್ಯಾಯದಲ್ಲಿ ‘ಲಾಕ್’ ಎಂಬ ಪದದ ಬಳಿ ಬರವಣಿಗೆ ನಿಂತಿದೆ. ಎಲ್ಲರೂ ಬರೆಯುವುದು ‘ಬೀಗ’ ಎಂದೇ, ಆದರೆ ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಪಾಠಕ್ಕೆಂದೇ ಎಂಐಟಿಯಲ್ಲಿ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂನ ಕ್ಯಾಶ್‌ನಲ್ಲಿ 30 ಬಫರುಗಳಿವೆ, ಅಂದರೆ ಬ್ಲಾಕ್ ಇಡುವ ಮೆಮೊರಿಯ ಜಾಗಗಳಿವೆ, ಒಂದೊಂದರಲ್ಲೂ 1024 ಬೈಟುಗಳ ಒಂದು ಬ್ಲಾಕ್ ಹಿಡಿಸುತ್ತದೆ. ಬ್ಲಾಕನ್ನು ಓದಿಕೊಡುವ ‘ಬಿ-ರೀಡ್’ (bread) ಎಂಬ ಫಂಕ್ಷನ್ನನ್ನು ಕರೆದ ಪ್ರೋಸೆಸ್ಸಿಗೆ, ಅಂದರೆ ಓಡುತ್ತಿರುವ ಪ್ರೋಗ್ರಾಮಿಗೆ, ಬಫರು ಲಾಕ್ ಆಗಿಯೇ ಸಿಗುತ್ತದೆ. ಅದು ಕೆಲಸ ಮುಗಿಸಿ ಬಿಟ್ಟುಕೊಡುವವರೆಗೆ, ಅದೇ ಬ್ಲಾಕನ್ನು ಬಯಸುವ ಉಳಿದ ಪ್ರೋಸೆಸ್ಸುಗಳು ನಿದ್ದೆ ಹೋಗಿ, ಎಬ್ಬಿಸಿದ ಮೇಲೆ ಒಳಗೆ ಬರಬೇಕು. ಇಲ್ಲಿ ಕೀಲಿಕೈ ಎಂಬುದೇ ಇಲ್ಲ.

ಬೀಗವನ್ನಾದರೋ ನಾವು ಮನೆ ಬಿಟ್ಟು ಹೊರಡುವಾಗ ಹೊರಗಿನಿಂದ ಹಾಕುತ್ತೇವೆ. ಒಳಗೆ ಯಾರೂ ಇಲ್ಲವೆಂಬುದೇ ಅದರ ಸೂಚನೆ, ಕೀಲಿಕೈ ಇದ್ದ ಯಾರು ಬೇಕಾದರೂ ತೆಗೆಯಬಹುದು. ಸಕಲೇಶಪುರದ ಕಡೆಯ ನಮ್ಮ ಹಳೆಯ ಮನೆಯ ಬಚ್ಚಲಿಗೆ ಮರದ ಅಗುಳಿಯಿದೆ. ಒಳಹೊಕ್ಕವರು ಅದನ್ನು ಗೋಡೆಯ ತೂತಿಗೆ ಸರಿಸಿಕೊಳ್ಳುತ್ತಾರೆ, ಮಿಕ್ಕವರು ಜಗಲಿಯಲ್ಲಿ ಕಾಯುತ್ತಾರೆ, ಒಳಗಿದ್ದವರೇ ತೆಗೆದ ಹೊರತು ಬಾಗಿಲು ತೆರೆಯದು. ಬಫರಿನ ಲಾಕ್ ನಡೆದುಕೊಳ್ಳುವುದು ಹೀಗೆಯೇ. ಜಗಲಿಯಲ್ಲಿ ಮಲಗದೆ ಬಾಗಿಲು ಬಡಿಯುತ್ತಲೇ ನಿಂತರೆ ಅದು ಸ್ಪಿನ್‌ಲಾಕ್ ಎಂದು ಒಂದೇ ವಾಕ್ಯದಲ್ಲಿ ಹೇಳಿಬಿಡಬಹುದು. ‘ಚಿಲಕ’ವೂ ಒಗ್ಗುತ್ತಿತ್ತು, ಆದರೆ ಡೇಟಾಬೇಸಿನವರು ಲಾಕ್ ಬೇರೆ, ಮೆಮೊರಿಯಲ್ಲಿರುವುದನ್ನು ಕ್ಷಣಕಾಲ ಕಾಯುವ ಲ್ಯಾಚ್ ಬೇರೆ ಎಂದು ಎಣಿಸುವುದರಿಂದ ಅದನ್ನು ಲ್ಯಾಚ್‌ಗೆ ಮೀಸಲಿಡುವುದು ಮೇಲೆಂದು ನನ್ನ ಎಣಿಕೆ.

ಇದರೊಂದಿಗೆ ಇನ್ನೊಂದು ಮಾತು. ಮೆಮೊರಿಗೆ ಬಂದ ಬ್ಲಾಕನ್ನು ‘ನಕಲು’ ಎನ್ನುವುದನ್ನೂ ಕೈಬಿಟ್ಟಿದ್ದೇನೆ. ನಕಲು ಎಂದೊಡನೆ ಡಿಸ್ಕಿನಲ್ಲಿರುವುದೇ ಅಸಲು, ಅದೇ ನಂಬಿಕೆಗೆ ಅರ್ಹ ಎಂಬ ಭಾವ ಬರುತ್ತದೆ. ಬಫರಿನಲ್ಲಿ ತಿದ್ದಿದ್ದು ಡಿಸ್ಕಿಗೆ ಇನ್ನೂ ಹೋಗಿರದಾಗ ಸ್ಥಿತಿ ತಿರುವುಮುರುವು. ‘ಪ್ರತಿ’ ಎಂದರೆ ಈ ತೊಡಕಿಲ್ಲ.

ತಿಳಿದವರಲ್ಲಿ ಎರಡು ವಿಷಯ ಕೇಳಬೇಕಾಗಿದೆ. ಕಡೂರು, ಅರಸೀಕೆರೆಯ ಬಯಲುಸೀಮೆಯ ಓದುಗರಿಗೆ ‘ಅಗುಳಿ’ ಬಳಕೆಯ ಮಾತೇ, ಅಥವಾ ಅಲ್ಲಿ ಬೇರೆ ಹೆಸರಿದೆಯೇ? ಓದುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಒಳಗಿರಬಹುದು, ಬರೆಯುವವನು ಮಾತ್ರ ಒಬ್ಬನೇ ಇರಬೇಕು ಎನ್ನುವ ರೀಡ್-ರೈಟ್ ಲಾಕ್‌ಗೆ ಬಚ್ಚಲ ಅಗುಳಿ ಹೊಂದುವುದಿಲ್ಲ; ಅದಕ್ಕೆ ಒಪ್ಪುವ ಪದ ಯಾವುದು?