ಹೇಂಟೆ ಮಂಕಾಗಿ ನಿಂತಿದೆ, ಮೊದಲು ಏನು ನೋಡಬೇಕು?

ಹೊಸನಗರದಿಂದ ಪ್ರಶ್ನೆ: ಒಂದೂವರೆ ವರ್ಷದ ಸ್ವರ್ಣಧಾರ ತಳಿಯ ಹೇಂಟೆ. ನಿನ್ನೆಯಿಂದ ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ತೂಕಡಿಸುತ್ತಿದೆ. ಕಾಳು ಮುಟ್ಟಿಲ್ಲ, ಮೊಟ್ಟೆಯೂ ಇಲ್ಲ. ಉಳಿದ ಏಳೂ ಚೆನ್ನಾಗಿವೆ. ಅಂಗಡಿಯಿಂದ ಟೆಟ್ರಾಸೈಕ್ಲಿನ್ ಅನ್ನುವ ಆ್ಯಂಟಿಬಯಾಟಿಕ್ ಪುಡಿ ತಂದಿದ್ದೇನೆ, ನೀರಿಗೆ ಹಾಕಲಾ?

ತೀರ್ಥಹಳ್ಳಿಯಿಂದ: ಪುಡಿ ಬದಿಗಿಡಿ ಮಾರಾಯ್ರೆ. ಕೋಳಿಗೆ ಯಾವ ಕಾಯಿಲೆ ಬಂದರೂ ಮೊದಲು ಕಾಣುವುದು ತೂಕಡಿಕೆಯೇ. ಅದನ್ನಷ್ಟೇ ನೋಡಿ ಔಷಧಿ ಹೇಳಲಾಗದು.

ಈಗಲೇ ಬೇರೆ ಮಾಡಿ. ರಟ್ಟಿನ ಪೆಟ್ಟಿಗೆ ಸಾಕು, ಕೆಳಗೆ ಹಳೇ ಪೇಪರ್ ಹಾಸಿ. ಭತ್ತದ ಹೊಟ್ಟು ಹಾಕಿದರೆ ಹಿಕ್ಕೆ ಕಾಣುವುದಿಲ್ಲ. ಈ ಜಡಿಮಳೆಯಲ್ಲಿ ಶೀತಕ್ಕೇ ಅರ್ಧ ಸೊರಗುತ್ತದೆ, ಹಾಗಾಗಿ ಒಂದು ಬದಿಗೆ ಬಲ್ಬ್ ಕಟ್ಟಿ, ಇನ್ನೊಂದು ಬದಿ ಹಾಗೇ ಬಿಡಿ. ಸೆಕೆಯಾದರೆ ಅದೇ ಸರಿಯುತ್ತದೆ.

ರಾತ್ರಿ ಮೇವು ತೆಗೆದು, ಬೆಳಿಗ್ಗೆ ಬೆಳಕಾಗುತ್ತಲೇ ಕುತ್ತಿಗೆ ಬುಡದ ಕಾಳಿನ ಚೀಲ ಮುಟ್ಟಿ ನೋಡಿ. ಖಾಲಿ ಇರಬೇಕು. ಚೆಂಡಿನ ಹಾಗೆ ಗಟ್ಟಿ ಇದ್ದರೆ ಉದ್ದ ಹುಲ್ಲೋ ದಾರವೋ ಸಿಕ್ಕಿದೆ. ನೀರು ತುಂಬಿದಂತೆ ಮೆತ್ತಗಿದ್ದು ಬಾಯಿ ಹುಳಿ ವಾಸನೆ ಹೊಡೆದರೆ ಒಳಗೆ ಹುಳಿತಿದೆ. ಎದೆಮೂಳೆ ಕತ್ತಿಯಂತೆ ಚೂಪಾಗಿ ಕೈಗೆ ಸಿಕ್ಕರೆ ಕಾಯಿಲೆ ನಿನ್ನೆಯದಲ್ಲ, ವಾರಗಳಿಂದ ಒಳಗೇ ಇದೆ. ಹೊಟ್ಟೆಹುಳುವನ್ನು ಮೊದಲು ಅನುಮಾನಿಸಿ. ಜುಟ್ಟು ಬಿಳಚಿಕೊಂಡಿದ್ದರೆ ರೆಕ್ಕೆಯಡಿ, ಗುದದ ಸುತ್ತ ಗರಿ ಬಿಡಿಸಿ ಹೇನು, ಉಣ್ಣೆ ಹುಡುಕಿ.

ಹಿಕ್ಕೆ ಕಂದು, ಮೇಲೆ ಬಿಳಿ ಟೋಪಿ ಇದ್ದರೆ ಸರಿ. ಎಂಟು–ಹತ್ತು ಸಲಕ್ಕೊಮ್ಮೆ ಅಂಟಂಟಾಗಿ ನಾರುವ ಹಿಕ್ಕೆ ಬರುವುದು ಸಹಜ, ಅದನ್ನು ಭೇದಿ ಎಂದು ಗಾಬರಿಯಾಗಬೇಡಿ. ರಕ್ತ ಕಂಡರೆ ರಕ್ತಭೇದಿ ಇರಬಹುದು, ಒದ್ದೆ ಹಾಸಿನ ಗೂಡಲ್ಲಿ ಮರಿಗಳಿಗೆ ಹೆಚ್ಚು.

ಪ್ರಶ್ನೆ ಕೇಳಿದವರು: ಕಾಳಿನ ಚೀಲ ಖಾಲಿ. ಹಿಕ್ಕೆ ತೀರಾ ಸ್ವಲ್ಪ. ಬಾಲ ಕೆಳಗೆ ಮಾಡಿ, ಮೈ ನೆಟ್ಟಗೆ ನಿಲ್ಲಿಸಿ ತಿಣುಕುತ್ತದೆ. ಕಾಲುಗಳ ನಡುವೆ ಹೊಟ್ಟೆ ಗಟ್ಟಿಯಾಗಿದೆ.

ಸಾಗರದಿಂದ: ಹಾಗಾದರೆ ಮೊಟ್ಟೆ ಸಿಕ್ಕಿಕೊಂಡಿರಬೇಕು ಅಕ್ಕ. ಬಕೆಟಿನಲ್ಲಿ ಮೊಣಕೈ ಅದ್ದಿದರೆ ಹಿತವೆನಿಸುವಷ್ಟು ಬಿಸಿನೀರು ಹಾಕಿ, ಹೊಟ್ಟೆ ಮುಳುಗುವಂತೆ 20 ನಿಮಿಷ ನಿಲ್ಲಿಸಿ. ತಣಿದರೆ ಬಿಸಿ ಬೆರೆಸುತ್ತಿರಿ. ಚೆನ್ನಾಗಿ ಒರೆಸಿ, ಗುದಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ, ಕತ್ತಲೆಯಲ್ಲಿ ಸುಮ್ಮನೆ ಬಿಡಿ. 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ಒಂದನ್ನು ಪುಡಿ ಮಾಡಿ ಮೆತ್ತನೆ ಅನ್ನದಲ್ಲಿ ಕೊಡಿ. ಒಂದು ಮೊಟ್ಟೆಯ ಚಿಪ್ಪಿಗೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಅದು ಕಡಿಮೆಯಾದರೆ ಮೊಟ್ಟೆ ತಳ್ಳುವ ಸ್ನಾಯುವೂ ಸೋಲುತ್ತದೆ. ಟೆಟ್ರಾಸೈಕ್ಲಿನ್ ಈಗ ಹಾಕಿದರೆ ಕ್ಯಾಲ್ಸಿಯಂ ಜೊತೆ ಅಂಟಿಕೊಂಡು ಎರಡೂ ಹಾಳು.

ಹೊಟ್ಟೆ ಅಮುಕಬೇಡಿ. ಒಳಗೆ ಮೊಟ್ಟೆ ಒಡೆದರೆ ಚೂರು ಚುಚ್ಚಿ ನಂಜಾಗುತ್ತದೆ. ಸಂಜೆ ಇನ್ನೊಮ್ಮೆ ನೀರಲ್ಲಿ ನಿಲ್ಲಿಸಿ. ನಾಳೆ ಬೆಳಿಗ್ಗೆಗೂ ಬರದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ. ನೀರು ಕುಡಿಸುವಾಗ ಬಾಯಿ ತೆರೆದು ಸುರಿಯಬೇಡಿ, ನಾಲಿಗೆಯ ಹಿಂದೆಯೇ ಶ್ವಾಸನಾಳದ ಬಾಯಿ. ಕೊಕ್ಕಿನ ಪಕ್ಕಕ್ಕೆ ಹನಿ ಹನಿಯಾಗಿ ಬಿಡಿ, ಅದೇ ನುಂಗುತ್ತದೆ.

ಕೊಪ್ಪದಿಂದ: ಒಂದೇ ಕೋಳಿ ಆದ್ದರಿಂದ ಸಾಗರದವರ ಮಾತು ಸರಿ. ಆದರೆ ನಾಳೆ ಎರಡನೆಯದೂ ಮಂಕಾಗಿ, ಹಸಿರು ಭೇದಿ, ಬಾಯಿ ಬಿಟ್ಟು ಏದುಸಿರು, ಕತ್ತು ತಿರುಚಿದ್ದು ಕಂಡರೆ ಕೊಕ್ಕರೆ ರೋಗ (ರಾಣಿಖೇತ್) ಎಂದೇ ತಿಳಿಯಿರಿ. ಅದಕ್ಕೆ ಔಷಧಿ ಇಲ್ಲ, ಲಸಿಕೆ ಮಾತ್ರ: 5–7 ದಿನದ ಮರಿಗೆ ಲಸೋಟಾ ಒಂದು ಹನಿ ಕಣ್ಣಿಗೋ ಮೂಗಿಗೋ, 8 ವಾರಕ್ಕೆ ಆರ್‌ಟುಬಿ 0.5 ಮಿಲಿ ಚರ್ಮದಡಿ. ಸೀಸೆ ನೂರಾರು ಕೋಳಿಗೆ ಆಗುವಷ್ಟು ಬರುತ್ತದೆ, ಬೆರೆಸಿದ ಮೇಲೆ ಒಂದೆರಡು ಗಂಟೆಯಲ್ಲೇ ಮುಗಿಸಬೇಕು. ಹಾಗಾಗಿ ಕೇರಿಯವರೆಲ್ಲ ಒಂದೇ ದಿನ ಹಾಕಿಸುವುದು ಲೆಕ್ಕಕ್ಕೆ ಬರುತ್ತದೆ. ಮಂಕಾದ ಕೋಳಿಗೆ ಮಾತ್ರ ಅವತ್ತು ಹಾಕಬೇಡಿ.

ಎರಡು ದಿನದಲ್ಲಿ ಮೂರ್ನಾಲ್ಕು ಪಟಪಟ ಸತ್ತರೆ ಕೊಯ್ಯಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ. ಪಶು ಆಸ್ಪತ್ರೆಗೆ ಹೇಳಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ.

ಶೃಂಗೇರಿಯಿಂದ: ತೋಟಕ್ಕೆ ಬಿಡುವವರಿಗೆ ಒಂದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ದಿನಗಳಲ್ಲಿ ಕೋಳಿಯನ್ನು ಗೂಡಲ್ಲೇ ಇಡಿ. ಮೈಲುತುತ್ತ ಕರಗಿಸಿದ ಡ್ರಮ್ಮಿನ ತಳದ ನೀರು ಕುಡಿದರೆ ನೀಲಿ-ಹಸಿರು ಭೇದಿಯಾಗುತ್ತದೆ, ಕೊಕ್ಕರೆ ರೋಗ ಅಂದುಕೊಂಡು ಮೋಸಹೋಗುತ್ತೇವೆ. ಮಳೆಗೆ ಬೂಸಲು ಬಂದ ಜೋಳ, ಕಡಲೆಹಿಂಡಿಯೂ ಬೇಡ. ತೊಳೆದು ಒಣಗಿಸಿದರೂ ಬೂಸಲಿನ ವಿಷ ಹೋಗುವುದಿಲ್ಲ.

ತೀರ್ಥಹಳ್ಳಿಯಿಂದ ಮತ್ತೆ: ಆ ಪುಡಿಯನ್ನು ಮುಂದೆ ವೈದ್ಯರು ಹೇಳಿ ಕೊಟ್ಟರೂ, ಅವರು ಹೇಳಿದಷ್ಟು ದಿನ ಆ ಕೋಳಿಯ ಮೊಟ್ಟೆ ತಿನ್ನಬೇಡಿ, ಮಾರಲೂಬೇಡಿ. ಈಗ ಬಿಸಿನೀರು ಕಾಯಿಸಿ ಅಕ್ಕ.