ಓದಿ ತಾವೇ ಔಷಧ ತೆಗೆದುಕೊಳ್ಳುವ ತಂದೆಯವರಿಗೆ ಹೇಗೆ ಹೇಳಲಿ? ಅನುಭವ ಹಂಚಿಕೊಳ್ಳಿ

ಪ್ರಶ್ನೆ:
ನನ್ನ ತಂದೆಯವರಿಗೆ 68 ವರ್ಷ. ರಕ್ತದೊತ್ತಡಕ್ಕೆ ಬಹುಕಾಲದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಗೀಗ ಯಾವ ನೋವು ಬಂದರೂ ಮೊಬೈಲಿನಲ್ಲಿ ಹುಡುಕಿ, ಕಾಯಿಲೆ ಇಂಥದ್ದೇ ಎಂದು ತಾವೇ ತೀರ್ಮಾನಿಸಿ, ಅಲ್ಲಿ ಕಂಡ ಮಾತ್ರೆಯನ್ನು ತರಿಸಿಕೊಳ್ಳುತ್ತಾರೆ. ವೈದ್ಯರಿಗೆ ತಿಳಿಸುವುದಿಲ್ಲ. ಅವರ ಮನಸ್ಸು ನೋಯದಂತೆ ಹೇಗೆ ಹೇಳಲಿ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1:
ನಮ್ಮ ತಾಯಿಯವರಿಗೆ ಆದದ್ದನ್ನು ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಅವರಿಗೂ ರಕ್ತದೊತ್ತಡವಿದೆ. ಮೊಣಕಾಲು ನೋವಿಗೆ ಐಬುಪ್ರೊಫೇನ್ ಒಳ್ಳೆಯದೆಂದು ಓದಿ ಎರಡು ತಿಂಗಳು ದಿನವೂ ನುಂಗಿದರು. ಓದಿದ್ದು ಸುಳ್ಳಲ್ಲ, ಅದು ನೋವಿನ ಔಷಧವೇ. ಆದರೆ ಇವರು ರಕ್ತದೊತ್ತಡದ ಮಾತ್ರೆಯಾದ ಎನಲಾಪ್ರಿಲ್ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಾರೆಂಬುದು ಅದನ್ನು ಬರೆದವರಿಗೆ ಹೇಗೆ ಗೊತ್ತಿರಬೇಕು? ಮೂತ್ರಪಿಂಡದೊಳಕ್ಕೆ ರಕ್ತ ತರುವ ಸೂಕ್ಷ್ಮ ನಾಳವನ್ನು ನೋವಿನ ಮಾತ್ರೆ ಕಿರಿದಾಗಿಸುತ್ತದೆ, ರಕ್ತ ಹೊರಹೋಗುವ ನಾಳವನ್ನು ಎನಲಾಪ್ರಿಲ್ ಹಿಗ್ಗಿಸುತ್ತದೆ, ಮೂತ್ರದ ಮಾತ್ರೆ ದೇಹದ ನೀರಿನಂಶವನ್ನು ತಗ್ಗಿಸುತ್ತದೆ. ಮೂರೂ ಕೂಡಿದಾಗ ರಕ್ತ ಸೋಸಲು ಬೇಕಾದ ಒತ್ತಡ ಕುಸಿಯಬಹುದು. ಪಾದಗಳು ಊದಿಕೊಂಡ ಮೇಲೆ ಪರೀಕ್ಷೆ ಮಾಡಿಸಿದರೆ ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿತ್ತು.

ಬೇರೆ ಔಷಧವೇನಾದರೂ ಉಂಟೇ ಎಂದು ವೈದ್ಯರು ಕೇಳಿದಾಗ ತಾಯಿ ಇಲ್ಲವೆಂದರು. ಅವರು ಮುಚ್ಚಿಡಲಿಲ್ಲ, ಚೀಟಿಯಿಲ್ಲದೆ ತಂದದ್ದು ಅವರ ಲೆಕ್ಕದಲ್ಲಿ ಔಷಧವೇ ಆಗಿರಲಿಲ್ಲ. ಪಕ್ಕದಲ್ಲೇ ಕುಳಿತಿದ್ದ ನನಗೂ ಅದು ಹೊಳೆಯಲಿಲ್ಲವೆಂಬ ಸಂಕಟ ಇನ್ನೂ ಇದೆ. ಆ ಮಾತ್ರೆ ನಿಲ್ಲಿಸಿದ ಮೇಲೆ ಮೂತ್ರಪಿಂಡ ನಿಧಾನವಾಗಿ ಚೇತರಿಸಿಕೊಂಡಿತು. ಅಂದಿನಿಂದ ‘ಯಾವ ಔಷಧ ತೆಗೆದುಕೊಂಡಿರಿ’ ಎಂದು ಕೇಳದೆ ‘ಈ ವಾರ ಏನೇನು ನುಂಗಿದಿರಿ, ಏನೇನು ಹಚ್ಚಿಕೊಂಡಿರಿ’ ಎಂದು ಕೇಳುತ್ತೇನೆ, ಮತ್ತು ವಿಟಮಿನ್, ಮುಲಾಮುಗಳೂ ಸೇರಿದಂತೆ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದಿಡುತ್ತೇವೆ.

ಉತ್ತರ 2:
ವಿಟಮಿನ್ ಎಂದಿರಲ್ಲ, ಅದಕ್ಕೆ ನನ್ನದೊಂದು ಮಾತು ಸೇರಿಸುತ್ತೇನೆ. ಕೂದಲು ಉದುರುತ್ತದೆಂದು ಬಯೋಟಿನ್ ಎಂಬ ವಿಟಮಿನ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದೆ. ಥೈರಾಯ್ಡ್ ಗ್ರಂಥಿಯ ಕೆಲಸ ತಿಳಿಸುವ ರಕ್ತ ಪರೀಕ್ಷೆಯಲ್ಲಿ ಟಿಎಸ್‌ಎಚ್ ಕಡಿಮೆ, ಟಿ4 ಹೆಚ್ಚು ಬಂತು. ಥೈರಾಯ್ಡ್ ಅತಿಯಾಗಿದೆಯೆಂದು ಓದಿ ನಂಬಿದೆ; ಎದೆಬಡಿತ, ಬೆವರು ಎಲ್ಲವೂ ನನ್ನಲ್ಲಿರುವಂತೆಯೇ ಅನ್ನಿಸತೊಡಗಿತು. ವಾಸ್ತವದಲ್ಲಿ ಕೆಡಿಸಿದ್ದು ಬಯೋಟಿನ್, ಅದೂ ಗ್ರಂಥಿಯನ್ನಲ್ಲ, ಪರೀಕ್ಷೆಯನ್ನು. ವೈದ್ಯರ ಸಲಹೆಯಂತೆ ಅದನ್ನು ನಿಲ್ಲಿಸಿ ಮತ್ತೆ ಪರೀಕ್ಷಿಸಿದಾಗ ಎಲ್ಲವೂ ಸರಿಯಿತ್ತು. ಹೃದಯಾಘಾತ ಪತ್ತೆಹಚ್ಚುವ ಟ್ರೋಪೋನಿನ್ ಪರೀಕ್ಷೆಯೂ ಇದರಿಂದ ತಪ್ಪಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ.

ಉತ್ತರ 3:
ಓದುವುದನ್ನೇ ಬಿಡಿಸಲು ಹೋಗಬೇಡಿ. ಮುಖದ ಒಂದು ಬದಿ ಜೋತುಬೀಳುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಪಾರ್ಶ್ವವಾಯುವಿನ ಲಕ್ಷಣಗಳೆಂದು ನನ್ನ ಪತ್ನಿ ಓದಿದ್ದರಿಂದಲೇ ನಾನು ಬೇಗ ಆಸ್ಪತ್ರೆ ಸೇರಿದೆ. ರಕ್ತದ ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಯಾವಾಗ ವೈದ್ಯರ ಬಳಿಗೆ ಓಡಬೇಕೆಂದು ತಿಳಿಯಲು ತಂದೆಯವರು ಓದಲಿ. ಯಾವ ಮಾತ್ರೆ ನುಂಗಬೇಕೆಂಬುದನ್ನು ಮಾತ್ರ ಕೇಳಿ ತಿಳಿಯಲಿ. ಓದಿದ್ದನ್ನು ಪ್ರಶ್ನೆಗಳಾಗಿ ಬರೆದುಕೊಡಲು ಹೇಳಿದರೆ ಅವರ ಗೌರವವೂ ಉಳಿಯುತ್ತದೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ತಂದೆಯವರೇ ಮಾತ್ರೆಗಳನ್ನು ಮೇಜಿನ ಮೇಲೆ ಹರಡಿದರು. ಬೇರೆ ಬೇರೆ ಹೆಸರಿನ ಎರಡು ಮಾತ್ರೆ ಸ್ಟ್ರಿಪ್‌ಗಳಲ್ಲಿ ಇದ್ದದ್ದು ಒಂದೇ ಪ್ಯಾರಸಿಟಮಾಲ್ ಎಂಬುದನ್ನು ಅವರೇ ಕನ್ನಡಕ ಹಾಕಿಕೊಂಡು ಓದಿ ಕಂಡುಕೊಂಡರು. ರಕ್ತದೊತ್ತಡದ ಮಾತ್ರೆಯನ್ನು ಹಾಗೆಯೇ ಮುಂದುವರಿಸಿ, ಉಳಿದದ್ದನ್ನೆಲ್ಲ ಚೀಲಕ್ಕೆ ಹಾಕಿದ್ದೇವೆ. ಪ್ರಶ್ನೆಗಳನ್ನು ಅವರು ಈಗ ಬರೆಯುತ್ತಿದ್ದಾರೆ.