ನಿರಂತರ ಹೋರಾಟದ ಫಲವಾಗಿ

"ಮಿರ್ಚಿ ಬಂತೇನಪ?" ಅಂದರು ಹಾಲಪ್ಪ ಮೇಷ್ಟ್ರು.

"ಬಂತು ಸಾರ್. ಸಂಘದ ನಿರಂತರ ಹೋರಾಟದ ಫಲವಾಗಿ," ಅಂದ ಕೊಟ್ರೇಶಿ.

ತಿಪ್ಪೇಶಿ ಮುಖ ಸಿಂಡರಿಸಿದ. ತಾಲ್ಲೂಕು ಶಿಕ್ಷಕರ ಸಂಘಕ್ಕೆ ಕಾರ್ಯದರ್ಶಿಯಾದ ಮೇಲೆ ಈ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದರೆ ಅವನಿಗೆ ಮೈ ಉರಿ. ತಾನು ಮಾತ್ರ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ದಿನಕ್ಕೆ ಹತ್ತು ಸಲ ಬರೆಯುತ್ತಾನೆ, ಅದು ಬೇರೆ ವಿಷಯ.

ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮೂವರೂ ದಾವಣಗೆರೆಯ ಜಯದೇವ ಸರ್ಕಲ್ ಆಸುಪಾಸಿನ ಮಂಡಕ್ಕಿ ಅಂಗಡಿ ಬೆಂಚಿನ ಮೇಲೆ ಕೂತಿದ್ದರು. ಪೇಪರಿನ ಮೇಲೆ ಒಗ್ಗರಣೆ ಮಂಡಕ್ಕಿ, ಮೇಲೊಂದಿಷ್ಟು ಹುರಿಗಡಲೆ ಪುಡಿ, ಹೆಚ್ಚಿದ ಈರುಳ್ಳಿ. ಬಾಣಲೆಯಿಂದ ಆಗಷ್ಟೇ ಎದ್ದ ಮಿರ್ಚಿಯ ಎಣ್ಣೆ ಪೇಪರಿಗೆ ಇಳಿದು, ಯಾವುದೋ ಹಳೇ ಸುದ್ದಿಯ ಹಿಂದಿನ ಪುಟವೂ ಮುಂದಕ್ಕೆ ಕಾಣುತ್ತಿತ್ತು.

"ನಗ್ರಿ ನಗ್ರಿ," ಅಂದ ತಿಪ್ಪೇಶಿ. "ಸದಸ್ಯರಿಗೆ ಮಾಹಿತಿ ಮುಟ್ಟಿಸಾದು ಸಂಘದ ಕರ್ತವ್ಯ. ಒಂದಿನ ಹಾಕಲಿಲ್ಲ ಅಂದ್ರೆ ಸಂಘ ಸತ್ತೈತಾ ಅಂತ ನೀವೇ ಕೇಳ್ತೀರಿ."

"ಕರ್ತವ್ಯ ಮಾಡಪ, ಯಾರು ಬ್ಯಾಡಂದ್ರು?" ಅಂದ ಕೊಟ್ರೇಶಿ. "ನಿನ್ನೆ ರಾತ್ರಿ ಹನ್ನೊಂದೂವರೆಗೆ ನನ್ನ ಫೋನ್ ಟಿಣ್ ಅಂತು. ಎದ್ದು ಕನ್ನಡಕ ಹುಡುಕ್ದೆ. 'ಅತಿ ಜರೂರು, ಶಿಕ್ಷಕ ಬಂಧುಗಳ ಆದ್ಯ ಗಮನಕ್ಕೆ.' ಪಿಡಿಎಫ್ ಒತ್ತಿದೆ. ಇಪ್ಪತ್ತಾರು ಪುಟ. ಹದಿನೇಳನೇ ಪುಟನ ಯಾವನೋ ಪುಣ್ಯಾತ್ಮ ತಲೆಕೆಳಗು ಸ್ಕ್ಯಾನ್ ಮಾಡ್ಯಾನೆ. ಫೋನ್ ತಿರುಗಿಸಿದ್ರೆ ಅದೂ ತಿರುಗ್ತೈತೆ. ಕೊನೆಗೆ ನಾನೇ ಕಾಲಿನ ಕಡೆ ತಲೆ ಹಾಕಿ ಮಲಗಿ ಓದ್ದೆ. ನಮ್ಮನೆಯವಳು ಎದ್ದು ಕೂತು, ಏನಾತ್ರೀ ನಿಮಗೆ ಅಂತ ಹಣೆ ಮುಟ್ಟಿ ನೋಡಿದ್ಲು."

"ಏನಿತ್ತು ಅದ್ರಾಗೆ?"

"ಬೀದರ್ ಜಿಲ್ಲೆಯವರ ಬಡ್ತಿ ಪಟ್ಟಿ."

ಹಾಲಪ್ಪ ಮೇಷ್ಟ್ರು ಮಂಡಕ್ಕಿ ನೆತ್ತಿಗೆ ಹತ್ತಿ ಕೆಮ್ಮಿದರು.

"ಅದು ನಿಮ್ಮ ಮಾಹಿತಿಗೆ," ಅಂದ ತಿಪ್ಪೇಶಿ.

"ನೋಡು, ಮಾಹಿತಿ ಕೊಡು, ಸುತ್ತೋಲೆ ಕೊಡಬ್ಯಾಡ. ಎರಡೂ ಬೇರೆ. ಸೋಮವಾರ ಶಾಲೆ ಐತೋ ಇಲ್ವೋ, ಮಕ್ಕಳಿಗೆ ಮೊಟ್ಟೆನೋ ಬಾಳೆಹಣ್ಣೋ, ಇಷ್ಟು ಹೇಳಪ ಸಾಕು. ನೀನು ಮೊಟ್ಟೆ ಆದೇಶ ಪೂರ್ತಿ ಹಾಕ್ತೀಯ. ಅದ್ರಾಗೆ ಸಿಪ್ಪೆ ಸುಲಿಯಾಕೆ ಮೊಟ್ಟೆಗೆ 30 ಪೈಸೆ ಅಂತ ಐತೆ. ಅದನ್ನ ಓದಿ ನಮ್ಮ ಹೆಡ್ಮಾಸ್ಟ್ರು ಒಂದು ತಿಂಗಳು ಪೈಸೆ ಲೆಕ್ಕ ಬರ್ಕೊಂಡು ಕೂತ್ರು. ಐದನೇ ಕ್ಲಾಸಿನ ಭಿನ್ನರಾಶಿ ಪಾಠ ಹಂಗೇ ಉಳೀತು."

ಅಷ್ಟರಲ್ಲಿ ರೇಣುಕಾ ಟೀಚರ್ ಬಂದರು. ಆನಗೋಡಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಮನೆಗೆ ನಾಲ್ಕು ಮಿರ್ಚಿ ಪಾರ್ಸಲ್ ಬೇಕಿತ್ತು. ಬಂದವರೇ ತಿಪ್ಪೇಶಿಯನ್ನು ನೋಡಿ, "ಸಾರ್, ನಿಮ್ಮಿಂದ ನಾನು ಊರಾಗೆ ಸುಳ್ಳಿ ಅನ್ನಿಸ್ಕೊಂಡೆ," ಅಂದರು.

"ನಾನೇನ್ ಮಾಡ್ದೆ ಮೇಡಂ?"

"ಒಂದನೇ ಕ್ಲಾಸಿಗೆ 6 ವರ್ಷ ತುಂಬಿರಬೇಕು ಅಂತ 2022ರ ಆದೇಶನ ನೀವೇ ಹಾಕಿದ್ರಿ. 2025ಕ್ಕೆ ಜಾರಿ ಅಂತ ನಾನು ಮನೆಮನೆಗೆ ಹೇಳಿ, ಚಿಕ್ಕ ಮಕ್ಕಳನ್ನೆಲ್ಲ ವಾಪಸ್ ಕಳಿಸ್ದೆ. ಏಪ್ರಿಲ್‌ನಾಗೆ ಬಂತಲ್ಲ, ಆ ಒಂದು ವರ್ಷಕ್ಕೆ ಮಾತ್ರ 5 ವರ್ಷ 5 ತಿಂಗಳು ಸಾಕು ಅಂತ! ಮತ್ತೆ ಅದೇ ಮನೆಗಳಿಗೆ ಹೋದೆ. ಒಬ್ಬ ತಾಯಿ ಕೇಳಿದ್ಲು, ಟೀಚರೇ, ನನ್ನ ಮಗಳ ವಯಸ್ಸು ಯಾವ ಆದೇಶದ ಪ್ರಕಾರ ಹೇಳ್ಲಿ ಅಂತ."

"ಸಡಿಲಿಕೆ ಆಗಿದ್ದು ಸಂಘದ..." ಅಂತ ಶುರು ಮಾಡಿ ತಿಪ್ಪೇಶಿ ಬಾಯಿ ಮುಚ್ಚಿಕೊಂಡ. ತಡವಾಗಿತ್ತು.

"ಹೇಳಪ, ಹೇಳು," ಕೊಟ್ರೇಶಿ ಬಿಡಲಿಲ್ಲ. "6 ವರ್ಷ ಮಾಡಿದಾಗ್ಲೂ ಅದನ್ನೇ ಹಾಕಿದ್ದೆ. ಏರಿಸಿದ್ದೂ ಹೋರಾಟ, ಇಳಿಸಿದ್ದೂ ಹೋರಾಟ. ಎಸ್ಸೆಸ್ಸೆಲ್ಸಿ ಪಾಸಿಂಗ್ 35ರಿಂದ 33ಕ್ಕೆ ಇಳಿದಾಗ್ಲೂ ಹಾಕಿದ್ದೆ. 625ಕ್ಕೆ 219 ಬೇಕಿತ್ತು, 206 ಸಾಕು ಅಂದ್ರು. ಅಲ್ಲಪ, ನಾವು ಪ್ರೈಮರಿ ಮೇಷ್ಟ್ರು. ಹೈಸ್ಕೂಲಿನ ಹದಿಮೂರು ಮಾರ್ಕ್ಸಿಗೆ ನಾವ್ಯಾವಾಗ ಹೋರಾಟ ಮಾಡಿದ್ವಿ? ನಂಗಂತೂ ನೆನಪಿಲ್ಲ. ನಾನು ಅವತ್ತು ಸಿಎಲ್ ರಜೆ ಹಾಕಿದ್ನೇನೋ."

ರೇಣುಕಾ ಟೀಚರ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಭದ್ರಾ ನಾಲೆಗೆ ನೀರು ಬಿಟ್ರೆ ಸಂಘದ ಹೋರಾಟದ ಫಲ. ನೀರು ನಿಲ್ಲಿಸಿದ್ರೆ ಸಂಘ ಖಂಡಿಸ್ತೈತೆ. ಮೇ ತಿಂಗಳಾಗೆ ದಾವಣಗೆರೆ ಬಿಸಿಲಿಗೆ ಎರಡು ಹನಿ ಮಳೆ ಬಿದ್ರೂ ತಿಪ್ಪೇಶಿ ಫೋಟೋ, ಕೈ ಮುಗಿದಿದ್ದು."

"ಜಾತಿ ಸಮೀಕ್ಷೆ ಟೈಮಿನಾಗೆ ನಿಮ್ಮ ಜೊತೆ ನಿಂತಿದ್ದು ಯಾರು?" ತಿಪ್ಪೇಶಿಗೆ ರೋಷ ಬಂತು. "ರಾತ್ರಿಯೆಲ್ಲ ಫೋನ್ ಎತ್ತೀನಿ ನಾನು."

ಅದು ನಿಜ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಮೀಕ್ಷೆಯಲ್ಲಿ ಮೇಷ್ಟ್ರುಗಳೆಲ್ಲ ಕರೆಂಟ್ ಮೀಟರಿನ ಆರ್‌ಆರ್ ನಂಬರ್ ಹಿಡಿದು ಮನೆ ಹುಡುಕುತ್ತಾ ಬೀದಿ ಅಲೆದರು. ಕೊಟ್ರೇಶಿಯನ್ನು ಕಂಡು ಲೈನ್‌ಮನ್ ಬಂದ ಅಂತ ಬಾಗಿಲು ಹಾಕಿಕೊಂಡವರಿದ್ದರು. ಒಬ್ಬಜ್ಜಿ ಮಾತ್ರ, ಬಿಲ್ ಕಟ್ಟೀನಿ ಕಣಪ್ಪ, ಫ್ಯೂಸ್ ಕೀಳಬ್ಯಾಡ ಅಂತ ಕೈ ಹಿಡಿದುಕೊಂಡು ಮಜ್ಜಿಗೆ ಕೊಟ್ಟಿದ್ದಳು.

"ನಿಂತಿದ್ದೆ, ಇಲ್ಲ ಅನ್ನಲ್ಲ," ಅಂದ ಕೊಟ್ರೇಶಿ. "ಆದ್ರೆ ದಸರಾ ರಜೆ ಅಕ್ಟೋಬರ್ 18ರವರೆಗೆ ಮುಂದಕ್ಕೆ ಹೋದಾಗ 'ಶುಭಸುದ್ದಿ' ಅಂತ ಹಾಕಿದ್ಯಲ್ಲ, ಅದೊಂದು ಕ್ಷಮಿಸಾಕಾಗಲ್ಲ. ರಜೆ ಮಕ್ಕಳಿಗೆ, ಸಮೀಕ್ಷೆ ನಮಗೆ. ಕೆಳಗೆ ನೂರಾ ಹನ್ನೆರಡು ಜನ ಹೂಗುಚ್ಛ ಹಾಕ್ಯಾರೆ. ಒಬ್ಬನೂ ಓದಿಲ್ಲ ಅನ್ನಾಕೆ ಇನ್ನೇನು ಬೇಕು?"

"ಓದ್ದೆ ಇದ್ದದ್ದಕ್ಕೇ 2024ರಾಗೆ ಬದುಕ್ಕೊಂಡ್ವಿ," ಅಂದರು ಟೀಚರ್. "ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಅಂದ್ರು. ಮಾರ್ಚ್‌ನಾಗೆ ಹೈಕೋರ್ಟ್ ರದ್ದು ಮಾಡ್ತು. ಮಾರನೇ ದಿನವೇ ಇನ್ನೊಂದು ಪೀಠ ನಡೀಲಿ ಅಂತು. ಪರೀಕ್ಷೆ ಶುರುವಾಗಿ ಮಧ್ಯಕ್ಕೇ ಸುಪ್ರೀಂ ಕೋರ್ಟಿನಿಂದ ನಿಂತೋತು. ಆಮೇಲೆ ಮತ್ತೆ ನಡೀತು."

"ಏಪ್ರಿಲ್ 8ಕ್ಕೆ ಫಲಿತಾಂಶಕ್ಕೆ ತಡೆ," ಅಂದರು ಹಾಲಪ್ಪ ಮೇಷ್ಟ್ರು, ಮಿರ್ಚಿಯ ತೊಟ್ಟು ಮುರಿಯುತ್ತಾ.

"ಹೂಂ ಸಾರ್. ನಮ್ಮ ಶಾಲೆ ಹುಡುಗಿ ಒಬ್ಬಳು ಕೇಳಿದ್ಲು, ಮಿಸ್, ನಾನು ಪಾಸಾಗಿರಾದು ಇವಾಗ ಯಾರಿಗೆ ಗೊತ್ತೈತೆ ಅಂತ. ಕೋರ್ಟಿಗೆ ಅಂದೆ. ಪಾಪ, ಹೆದರಿಬಿಟ್ಲು."

ಕೊಟ್ರೇಶಿ ಕೈಯಲ್ಲಿದ್ದ ಮಂಡಕ್ಕಿ ಕೆಳಗಿಟ್ಟ. "ಅದಿರಲಿ, ದಿನಾಂಕ ಸಮೇತ ಹೇಳಿದ್ರಲ್ಲ ಹಾಲಪ್ಪ ಸಾರ್, ನೀವು ರಿಟೈರ್ಡ್ ಆಗಿ ನಾಲ್ಕು ವರ್ಷ ಆಯ್ತು. ಏಪ್ರಿಲ್ 8 ನಿಮಗೆ ಹೆಂಗೆ ಗೊತ್ತು?"

"ಗ್ರೂಪಿನಾಗೆ ಬಂದಿತ್ತಲ್ಲಪ."

ಎಲ್ಲರೂ ತಿಪ್ಪೇಶಿಯ ಕಡೆ ನೋಡಿದರು. ನಿವೃತ್ತರನ್ನು ತಿಂಗಳ ಕೊನೆಗೆ ಹಾರ ಹಾಕಿದ ಫೋಟೋ ಹಾಕಿ, ಮಾರನೇ ದಿನ ಗ್ರೂಪಿನಿಂದ ತೆಗೆಯುವುದು ಸಂಘದ ಪದ್ಧತಿ. ಆ ಕೆಲಸದಲ್ಲಿ ಮಾತ್ರ ಒಂದು ದಿನವೂ ತಡ ಆಗಿದ್ದಿಲ್ಲ.

"ಮರ್ತೋಗಿತ್ತು," ಅಂದ ತಿಪ್ಪೇಶಿ. ಆಮೇಲೆ ಮೆಲ್ಲಗೆ, "ಮರ್ತಿಲ್ಲ. ಆರೋಗ್ಯ ವಿಮೆ ಸುತ್ತೋಲೆ ಅರ್ಥ ಆಗದೆ ಒಂದಿನ ಮೇಷ್ಟ್ರಿಗೇ ಫೋನ್ ಮಾಡಿದ್ದೆ. ಪೂರ್ತಿ ಬಿಡಿಸಿ ಹೇಳಿದ್ರು. ಆಮೇಲೆ ಎಲ್ಲಾದಕ್ಕೂ ಅವರ್ನೇ ಕೇಳ್ತೀನಿ. ತೆಗೆದ್ರೆ ನಾನ್ಯಾರನ್ನ ಕೇಳ್ಲಿ?"

"ನಾನೂ ಸಾರ್‌ಗೇ ಫೋನ್ ಮಾಡಾದು," ಅಂದರು ರೇಣುಕಾ ಟೀಚರ್.

ಕೊಟ್ರೇಶಿ ಏನೂ ಹೇಳಲಿಲ್ಲ. ಅವನೂ ಮಾಡುತ್ತಿದ್ದ.

"ಅಂದ್ರೆ ಇಡೀ ತಾಲ್ಲೂಕಿನಾಗೆ ಸುತ್ತೋಲೆ ಓದೋರು ಒಬ್ಬರೇ, ಅವರಿಗೆ ಒಂದೂ ಅನ್ವಯ ಆಗಲ್ಲ!"

ಹಾಲಪ್ಪ ಮೇಷ್ಟ್ರು ನಕ್ಕು ಬೆರಳಿನ ಎಣ್ಣೆಯನ್ನು ಪೇಪರಿಗೆ ಒರೆಸಿದರು. "ನಮ್ಮ ಕಾಲಕ್ಕೆ ಸುತ್ತೋಲೆ ಅಂದ್ರೆ ಟಪಾಲು. ಸಂಬಳದ ದಿನ ಮಾಯಕೊಂಡ, ಅಣಜಿ, ಹದಡಿ, ಎಲ್ಲಾ ಕಡೆಯಿಂದ ಸೈಕಲ್ಲು, ಬಸ್ಸು ಹಿಡಿದು ಊರಿಗೆ ಬರಾದು. ಆಫೀಸ್ ಮುಂದಿನ ಬೇವಿನ ಮರದ ಕೆಳಗೆ ಕಾರ್ಯದರ್ಶಿ ನಿಂತು ಒಂದೇ ಒಂದು ಸೈಕ್ಲೋಸ್ಟೈಲ್ ಹಾಳೆ ಓದಾರು. ಅರ್ಧ ಕೇಳ್ಸಾದೇ ಇಲ್ಲ. ಆಮೇಲೆ ಮಂಡಕ್ಕಿ. ಅಲ್ಲೇ ಯಾರ ಮಗಳಿಗೆ ಗಂಡು ನೋಡ್ತಾರೆ, ಯಾರಿಗೆ ಶುಗರ್ ಬಂದೈತೆ, ಎಲ್ಲಾ ಗೊತ್ತಾಗಾದು. ಹಾಳೆ ಒಂದು ನೆಪ."

"ಈಗ ಯಾಕೆ ಸಾರ್ ಓದ್ತೀರಿ, ಕಣ್ಣು ಹಾಳು ಮಾಡ್ಕೊಂಡು?"

"ಮನೇಲಿ ನಂಗೆ ಯಾರೂ ಏನೂ ತಿಳಿಸಲ್ಲಪ. ನಮ್ಮನೆಯವಳು ಇದ್ದಾಗ ದಿನಾ ವರದಿ ಇತ್ತು. ಈಗ ಮೊನ್ನೆ ಮನೇಲಿ ಸೋಫಾ ಬದಲಾಯ್ಸಿದ್ದು ಕೂತ ಮೇಲೇ ಗೊತ್ತಾಗಿದ್ದು. ಇಲ್ಲಾದ್ರೆ 'ಮಾಹಿತಿಗಾಗಿ ಹಾಗೂ ಅಗತ್ಯ ಕ್ರಮಕ್ಕಾಗಿ' ಅಂತ ಕಮಿಷನರೇ ಬರೀತಾರೆ. ಕ್ರಮ ಏನೂ ತಗಳಲ್ಲ. ಮಾಹಿತಿ ಬರ್ತೈತಲ್ಲ."

ಬಾಣಲೆ ಚುರ್ ಅಂತಿತ್ತು. ಅಂಗಡಿ ಹುಡುಗ ಟೀಚರ ಪಾರ್ಸಲ್ ತಂದಿಟ್ಟ. ಬಸ್ಸಿನ ಹೊತ್ತು ಆಗಿತ್ತು, ಟೀಚರ್ ಏಳಲಿಲ್ಲ.

ಟಿಣ್. ನಾಲ್ಕೂ ಫೋನ್ ಒಟ್ಟಿಗೆ. ಮೂವರು ಫೋನ್ ಮುಟ್ಟದೆ ಹಾಲಪ್ಪ ಮೇಷ್ಟ್ರ ಮುಖ ನೋಡಿದರು. ಅವರು ಕನ್ನಡಕ ಏರಿಸಿ, ತೋರುಬೆರಳಿನಿಂದ ಒಂದೊಂದೇ ಸಾಲು ಮೇಲೆ ತಳ್ಳಿದರು.

"ಜಿಲ್ಲಾ ಸಂಘದವರು ಹಾಕ್ಯಾರೆ. ಇದೇ ಗುರುವಾರದ ಸುತ್ತೋಲೆಯನ್ನು ಹಿಂಪಡೆಯಲಾಗಿದೆ, ಅದರಂತೆ ಯಾವುದೇ ಕ್ರಮ ಕೈಗೊಳ್ಳತಕ್ಕದ್ದಲ್ಲ."

"ಗುರುವಾರದ್ದು ಯಾವ್ದು ಸಾರ್?"

"ನಂಗೆ ಬಂದೇ ಇಲ್ವಲ್ಲಪ," ಅಂದರು ಮೇಷ್ಟ್ರು, ಸ್ವಲ್ಪ ಗಾಬರಿಯಾಗಿಯೇ.

ತಿಪ್ಪೇಶಿ ತಲೆ ಕೆರೆದುಕೊಂಡ. "ನನ್ನತ್ರ ಐತೆ. ಅವತ್ತು ಅತ್ತೆ ಮನೆ ಗೃಹಪ್ರವೇಶ ಇತ್ತು, ಫಾರ್ವರ್ಡ್ ಮಾಡಾದು ಮರ್ತೆ."

ಕೊಟ್ರೇಶಿ ಎದ್ದು ನಿಂತು, ಎಣ್ಣೆಗೈಯಲ್ಲೇ ಅವನ ಕೈ ಕುಲುಕಿದ. "ಹಾಕಪ, ಇದನ್ನ ಮಾತ್ರ ಹಾಕು. ಸಂಘದ ನಿರಂತರ ಹೋರಾಟದ ಫಲವಾಗಿ."